ಹಳ್ಳದ ದಂಡೆಯ ಪೊದೆ ಕೀಳಬೇಡಿ
ನಮ್ಮ ಬೀದರ್ ಕಡೆ ಬೇಸಿಗೆ ಬಂತೆಂದರೆ ಹಳ್ಳದ ಹೂಳೆತ್ತುವ ಕೆಲಸ ಶುರುವಾಗುತ್ತದೆ. ಹೂಳು ತೆಗೆಯಲಿ, ಅದು ಬೇಕಾದ ಕೆಲಸವೇ. ಆದರೆ ಹೂಳಿನ ಜೊತೆಗೆ ಎರಡೂ ದಂಡೆಯ ಲಕ್ಕಿ, ಜೇಕು, ಆಪು ಎಲ್ಲವನ್ನೂ ಜೆಸಿಬಿ ಬುಡಸಮೇತ ಕಿತ್ತು ಹಾಕುತ್ತದಲ್ಲ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಂಕುಡೊಂಕಾಗಿ ಹರಿಯುತ್ತಿದ್ದ ಹಳ್ಳ ನೆಟ್ಟಗೆ ಕಾಲುವೆಯಾಗುತ್ತದೆ. ‘ಎಷ್ಟು ಸ್ವಚ್ಛ ಆಯ್ತು ನೋಡ್ರಿ’ ಅಂತಾರೆ ಜನ.

ಪೊದೆ ನೀರು ಕುಡಿಯುತ್ತದೆ, ಹರಿವಿಗೆ ಅಡ್ಡ ಬರುತ್ತದೆ ಅನ್ನೋದು ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಅಡ್ಡ ಬರೋದೇ ಅದರ ಕೆಲಸ ಅಲ್ವಾ?

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಆದದ್ದನ್ನು ನೋಡಿ. ಕ್ರಿಕೆಟ್ ಬ್ಯಾಟಿನ ವಿಲ್ಲೋ ಮರ ನಮಗೆಲ್ಲ ಗೊತ್ತು. ಅದೇ ಬಳಗದ ಕುಳ್ಳ ಪೊದೆಗಳು ಎತ್ತರದ ಬೆಟ್ಟಗಳ ಜೌಗು ಹುಲ್ಲುಗಾವಲಲ್ಲಿ ಬೆಳೆಯುತ್ತವೆ. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರ. ಹಿಮ ಕರಗಿ ನೀರು ನುಗ್ಗಿದಾಗ ಈ ಪೊದೆಗಳ ನಡುವೆ ಅದರ ವೇಗ ತಗ್ಗುತ್ತದೆ, ಮಣ್ಣು ಅಲ್ಲೇ ಇಳಿಯುತ್ತದೆ. ಬೀವರ್ ಅನ್ನುವ ಪ್ರಾಣಿ ಅದರ ತೊಗಟೆ ತಿಂದು, ಕೊಂಬೆಯಿಂದ ತೊರೆಗೆ ಒಡ್ಡು ಕಟ್ಟುತ್ತದೆ. ಒಡ್ಡಿನ ಹಿಂದೆ ನೀರು ನಿಂತು ನೆಲ ನೆನೆಯುತ್ತದೆ. ವಿಲ್ಲೋಗೆ ಆ ತೇವ ಬೇಕೇ ಬೇಕು. ಅರಳೆ ಅಂಟಿಕೊಂಡ ಅದರ ಪುಟ್ಟ ಬೀಜಕ್ಕೆ ಆಯಸ್ಸು ಬಹಳ ಕಡಿಮೆ. ಅಷ್ಟರೊಳಗೆ ಬರಿಯ ಹಸಿ ಮಣ್ಣು ಸಿಗದಿದ್ದರೆ ಸತ್ತೇ ಹೋಗುತ್ತದೆ.

1920ರ ದಶಕದಲ್ಲಿ ಅಲ್ಲಿನ ತೋಳಗಳನ್ನು ಕೊಂದು ಮುಗಿಸಿದರು. ಬೇಟೆಯಾಡುವ ತೋಳ ಇಲ್ಲದಾದಾಗ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳು ಮೇದು ಮೇದು ವಿಲ್ಲೋ ಚಿಗುರನ್ನು ಏಳಗೊಡಲಿಲ್ಲ. ಪೊದೆ ಹೋಯಿತು, ಬೀವರ್ ಹೋಯಿತು, ಒಡ್ಡುಗಳು ಒಡೆದವು. ತೊರೆ ನೆಲ ಕೊರೆದು ಆಳಕ್ಕಿಳಿಯಿತು, ಅಕ್ಕಪಕ್ಕದ ಅಂತರ್ಜಲವೂ ಅದರ ಹಿಂದೆಯೇ ಕುಸಿಯಿತು. 1995ರಲ್ಲಿ ತೋಳಗಳನ್ನು ಮತ್ತೆ ತಂದು ಬಿಟ್ಟರು. ಆದರೂ ಎಷ್ಟೋ ತೊರೆಗಳಲ್ಲಿ ವಿಲ್ಲೋ ಚೇತರಿಸಿಕೊಳ್ಳಲಿಲ್ಲ. ವಿಜ್ಞಾನಿಗಳು ಕೆಲವು ಕಡೆ ಎಲ್ಕ್ ಬಾರದಂತೆ ಬೇಲಿ ಹಾಕಿ, ಕೆಲವು ಕಡೆ ಒಡ್ಡು ಕಟ್ಟಿ ಹತ್ತು ವರ್ಷ ಕಾದು ನೋಡಿದರು. ಬೇಲಿಯೂ ಒಡ್ಡೂ ಎರಡೂ ಇದ್ದ ಕಡೆ ಮಾತ್ರ ಪೊದೆ ಚೆನ್ನಾಗಿ ಎದ್ದಿತು. ಒಮ್ಮೆ ತೊರೆ ಆಳಕ್ಕಿಳಿದರೆ ಮೇಯುವ ಬಾಯಿ ತಡೆದರಷ್ಟೇ ಸಾಲದು. ನನ್ನನ್ನು ಹೆದರಿಸಿದ್ದು ಇದೇ.

ಬೀದರ್ ನಿಂತಿರೋದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಮಳೆ ನೀರು ಆ ತೂತು ಕಲ್ಲಿನಲ್ಲಿ ಇಳಿದು, ಕೆಳಗಿನ ಗಟ್ಟಿ ಕರಿಗಲ್ಲಿನ ಪದರ ತಾಗಿ, ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾ, ಝರಣಿ ನರಸಿಂಹನ ಗುಹೆಯ ನೀರು ಎಲ್ಲ ಹೀಗೇ. ನೌಬಾದಿನ ಸುರಂಗ ಬಾವಿ ತೋಡಿಸಿದ ಬಹಮನಿಗಳಿಗೆ ನೆಲದೊಳಗಿನ ನೀರಿನ ಬೆಲೆ ಗೊತ್ತಿತ್ತು. ನಾವು ಮಾತ್ರ ಹಳ್ಳವನ್ನು ಆಳ ಮಾಡಿ, ದಂಡೆ ಬೋಳಿಸಿ, ಬಂದ ನೀರನ್ನೆಲ್ಲ ಒಂದೇ ಸಲ ಮಾಂಜ್ರಾ ನದಿಗೆ ಸಾಗಿಸುತ್ತಿದ್ದೇವೆ.

ಇಲ್ಲಿ ವಿಲ್ಲೋ ತಂದು ನೆಡಿ ಅಂತ ಹೇಳ್ತಿಲ್ಲ. ನಮ್ಮ ಲಕ್ಕಿ ಸಾಕು. ಹಸಿ ಮಣ್ಣಲ್ಲಿ ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ, ಆಡು ಅದಕ್ಕೆ ಸುಮ್ನೆ ಬಾಯಿ ಹಾಕೋದಿಲ್ಲ, ಎಲೆಯನ್ನು ಜೋಳದ ಚೀಲದಲ್ಲಿಟ್ಟರೆ ಹುಳ ಕಡಿಮೆ. ಬಳ್ಳಾರಿ ಜಾಲಿ ತೆಗೆಯೋದಾದರೆ ಧಾರಾಳವಾಗಿ ತೆಗೆಯಲಿ.

ಈ ಸಲ ನಿಮ್ಮೂರಿಗೆ ಹೂಳೆತ್ತುವ ಕೆಲಸ ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಹಳ್ಳದ ನಡುವಿನ ಹೂಳಷ್ಟೇ ತೆಗೆಯಿರಿ, ಒಂದು ದಂಡೆಯನ್ನಾದರೂ ಮುಟ್ಟಬೇಡಿ, ತಿರುವುಗಳನ್ನು ನೆಟ್ಟಗೆ ಮಾಡಬೇಡಿ ಅನ್ನಿ. ಕೆಲಸ ಶುರುವಾಗೋ ಮುಂಚೆಯೇ ಅದನ್ನು ಅಂದಾಜು ಪಟ್ಟಿಯಲ್ಲಿ ಬರೆಸಿ.