ಕಡತದ ಕುದುರೆಗೆ ಹುಲ್ಲು ಬೇಡ

ಮೊಘಲ್ ಸಾಮ್ರಾಜ್ಯವನ್ನು ಹೊತ್ತದ್ದು ಅರಬ್ಬೀ ಕುದುರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊತ್ತದ್ದು ಕಡತದ ಕುದುರೆ. ಅದಕ್ಕೆ ಹುಲ್ಲು ಬೇಡ, ಹುರುಳಿ ಬೇಡ, ಲಾಳ ಬೇಡ. ಸಂಬಳ ಮಾತ್ರ ಬೇಕು. ಇಷ್ಟು ಸವಾರರನ್ನು ಸಾಕುತ್ತೇನೆಂದು ಸರದಾರ ಸಂಬಳ ಎಣಿಸಿಕೊಳ್ಳುತ್ತಿದ್ದ; ಸವಾರರೂ ಕುದುರೆಗಳೂ ಎಷ್ಟೋ ಸಲ ಕಾಗದದಲ್ಲೇ ಇರುತ್ತಿದ್ದವು.

ಅಕ್ಬರನಿಗೆ ಇದು ಗೊತ್ತಿತ್ತು. ಅದಕ್ಕೇ 1574ರ ಸುಮಾರಿಗೆ ಕುದುರೆಗೆ 'ದಾಗ್' ಎಂಬ ಬರೆ ಹಾಕಿಸಿದ, ಸವಾರನ ಅಪ್ಪನ ಹೆಸರು, ಊರು, ಮೈಬಣ್ಣ, ಮಚ್ಚೆಗಳನ್ನೆಲ್ಲ 'ಚೆಹರಾ'ದಲ್ಲಿ ಬರೆಸಿದ. (ಕಾಣೆಯಾದವರ ಪ್ರಕಟಣೆಯಲ್ಲಿ ನಾವು ಓದುವ 'ಚಹರೆ' ಇದೇ.) ಹತ್ತು ಸವಾರರಿಗೆ 20 ಕುದುರೆ: ಮೂವರಿಗೆ ಮೂರು ಮೂರು, ನಾಲ್ವರಿಗೆ ಎರಡೆರಡು, ಉಳಿದವರಿಗೆ ಒಂದೊಂದು. ಸರದಾರರೇನು ಕಡಿಮೆಯೇ? ತಪಾಸಣೆಯ ದಿನ ನೇಕಾರ, ಬಡಗಿ, ತರಕಾರಿಯವನನ್ನು ಎರವಲು ಕುದುರೆಯ ಮೇಲೆ ಕೂರಿಸಿ ತಂದರು. ಬಾದಶಹ ಅವರ ಕೈಕಾಲು ಕಟ್ಟಿಸಿ, ಬಟ್ಟೆ ಸಮೇತ ತಕ್ಕಡಿಗೆ ಹಾಕಿಸಿದ. ಬಾಡಿಗೆಯವರೆಂದು ಗೊತ್ತಾದ ಮೇಲೂ ಹೊಟ್ಟೆಪಾಡಿಗಿರಲಿ ಎಂದು ಸಂಬಳ ಕೊಟ್ಟ ಎನ್ನುತ್ತಾನೆ ಅಕ್ಬರನ ಕಾಲದ ಇತಿಹಾಸಕಾರ ಬದಾಯೂನಿ.

ಶಹಜಹಾನನ ಕಾಲಕ್ಕೆ ದರ್ಬಾರು ಸುಳ್ಳು ಹಿಡಿಯುವ ಗೋಜು ಬಿಟ್ಟು, ಸುಳ್ಳಿಗೇ ದರಪಟ್ಟಿ ಹಾಕಿತು. ಸಂಬಳದ ಬದಲು ಕಂದಾಯ ಎತ್ತಿಕೊಳ್ಳಲು ಕೊಟ್ಟ ನೆಲವೇ ಜಹಗೀರು. ಅದಿರುವ ಸುಬಾದಲ್ಲೇ (ಪ್ರಾಂತ್ಯದಲ್ಲೇ) ನೌಕರಿಯಾದರೆ ಕಾಗದದ ಸವಾರರಲ್ಲಿ ಮೂರನೇ ಒಂದು ಪಾಲು ತಂದರೆ ಸಾಕು. ಬೇರೆ ಸುಬಾ ಆದರೆ ನಾಲ್ಕನೇ ಒಂದು. ಬಲ್ಖ್-ಬದಖ್ಶಾನಿಗೆ ದಂಡೆತ್ತಿ ಹೋದರೆ ಐದನೇ ಒಂದು! 1000 ಸವಾರರ ಸರದಾರ ಹಿಂದೂಕುಶ್ ಆಚೆಗೆ 200 ಮಂದಿಯನ್ನು ಕರೆದೊಯ್ದರೆ ಅವನದು ಪಕ್ಕಾ ಲೆಕ್ಕ.

ಸರ್ಕಾರವೇನು ಸಾಚಾ? 'ಜಮಾ' ಎಂದರೆ ಕಾಗದದ ಆದಾಯ, 'ಹಾಸಿಲ್' ಎಂದರೆ ಕೈಗೆ ಬಂದದ್ದು. ಅರ್ಧವೇ ವಸೂಲಾಗುವ ಜಹಗೀರಿಗೆ 'ಶಶ್‌ಮಾಹಾ', ಅಂದರೆ ಆರು ತಿಂಗಳದ್ದು, ಎಂದು ಹೆಸರು. ವರ್ಷವನ್ನೇ ಮೊಟಕು ಮಾಡಿದರು; ಪಂಚಾಂಗದವರನ್ನು ಕೇಳಲಿಲ್ಲ. ಸರದಾರ ಒಂದೆಡೆ ಬೇರು ಬಿಡಬಾರದೆಂದು ಮೂರು-ನಾಲ್ಕು ವರ್ಷಕ್ಕೊಮ್ಮೆ ಜಹಗೀರು ಬದಲು. ನಾಳೆ ಇನ್ನೊಬ್ಬನ ಪಾಲಾಗುವ ಊರಿನ ಕೆರೆ ಏರಿಗೆ ಯಾರು ಮಣ್ಣು ಹಾಕುತ್ತಾರೆ?

1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಔರಂಗಜೇಬನ ಕೈಸೇರಿದವು. ನೆಲ ಹೆಚ್ಚಿತು, ಜಹಗೀರು ಮಾತ್ರ ಸಾಲದಾಯಿತು. ಸೋತ ಸುಲ್ತಾನರ ಸರದಾರರಿಗೂ ಒಲಿದು ಬಂದ ಮರಾಠರಿಗೂ ಮನಸಬ್, ಅಂದರೆ ಜಹಗೀರಿಗೆ ಹಕ್ಕು ಕೊಡುವ ದರ್ಜೆ, ಹಂಚಿದ್ದೇ ಹಂಚಿದ್ದು. ಒಳ್ಳೆಯ ನೆಲವನ್ನು ಯುದ್ಧದ ಖರ್ಚಿಗೆಂದು ಖಾಲ್ಸಾಕ್ಕೆ (ಬಾದಶಹನ ಸ್ವಂತ ಖಜಾನೆಯ ನೆಲಕ್ಕೆ) ಸೇರಿಸಿದ್ದರಿಂದ ಹಂಚಲಿಟ್ಟ ನೆಲ, ಅಂದರೆ 'ಪಾಯ್‌ಬಾಕಿ', ಬರಿದಾಯಿತು. ಕುದುರೆಯ ಹಿಂದೆಯೇ ಜಹಗೀರೂ ಕಡತ ಸೇರಿತು. ಮನಸಬ್ ಪತ್ರ ಹಿಡಿದವರು ವರ್ಷಗಟ್ಟಲೆ ಕಾದರು. ಆ ನಡುವೆಯೂ ಬಾದಶಾಹಿ ಲಾಯದ ಆನೆ-ಕುದುರೆಗಳ ಮೇವಿನ ಖರ್ಚನ್ನು ದರ್ಬಾರಿನಲ್ಲಿ ಅವರ ಪರ ಇದ್ದ ವಕೀಲರ (ಪ್ರತಿನಿಧಿಗಳ) ಕುತ್ತಿಗೆ ಹಿಡಿದು ಕೇಳುತ್ತಿದ್ದರು. ಆ ಲಾಯದವು ಮಾತ್ರ ನಿಜವಾದ ಪ್ರಾಣಿಗಳು, ಹುಲ್ಲು ತಿನ್ನುತ್ತಿದ್ದವು.