ಸರ್ಟುಯಿನ್‌ಗಳು ಆಯುಷ್ಯ ಹೆಚ್ಚಿಸುವ ಕಿಣ್ವಗಳೇ?

ಮುಪ್ಪು ತಡೆಯುವುದಾಗಿ ಹೇಳಿಕೊಳ್ಳುವ ಮಾತ್ರೆಗಳ ಜಾಹೀರಾತಿನಲ್ಲಿ ‘ಸರ್ಟುಯಿನ್’ ಎಂಬ ಹೆಸರು ಕಂಡಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ. ಹಸಿವಿನ ಹೊತ್ತಿನಲ್ಲಿ ದೇಹದ ಲೆಕ್ಕಾಚಾರವನ್ನು ತಿದ್ದುವ ಕಿಣ್ವಗಳಿಗೆ ಆಯುಷ್ಯ ಹಂಚುವ ಪಟ್ಟ ಕಟ್ಟಿದವರು ನಾವೇ.

1999ರಲ್ಲಿ ಅಮೆರಿಕದ ಎಂಐಟಿಯ ಲಿಯೊನಾರ್ಡ್ ಗ್ವಾರೆಂಟೆ ಅವರ ಪ್ರಯೋಗಾಲಯದಲ್ಲಿ, ಯೀಸ್ಟಿನ ಸರ್ಟುಯಿನ್ ಕಿಣ್ವವನ್ನು ತಯಾರಿಸುವ ಎಸ್‌ಐಆರ್2 ಜೀನ್‌ನ ಒಂದು ಪ್ರತಿಯನ್ನು ಹೆಚ್ಚುವರಿಯಾಗಿ ಪಡೆದ ಯೀಸ್ಟ್ ಕೋಶಗಳು ಮಾಮೂಲಿಗಿಂತ ಹೆಚ್ಚು ಬಾರಿ ವಿಭಜನೆಗೊಂಡವು. ಯೀಸ್ಟಿನ ಆಯುಷ್ಯವನ್ನು ಅಳೆಯುವುದು ಈ ವಿಭಜನೆಗಳ ಎಣಿಕೆಯಿಂದಲೇ, ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. ಆದರೆ ಈ ಕಿಣ್ವ ಎನ್‌ಎಡಿ ಎಂಬ ಅಣುವಿಲ್ಲದೆ ಕೆಲಸ ಮಾಡದು ಎಂದು ಮರುವರ್ಷ ತಿಳಿದುಬಂದದ್ದೇ ನನ್ನ ಮಟ್ಟಿಗೆ ದೊಡ್ಡ ಸಂಗತಿ. ಎನ್‌ಎಡಿ ಆಹಾರದಿಂದ ಶಕ್ತಿಯನ್ನು ಹಿಂಡುವ ಕ್ರಿಯೆಗಳಲ್ಲೂ ಬೇಕಾಗುವ ಅಣುವಾದ್ದರಿಂದ, ಅದನ್ನೇ ನೆಚ್ಚಿದ ಕಿಣ್ವಕ್ಕೆ ಜೀವಕೋಶದ ಶಕ್ತಿಯ ಸ್ಥಿತಿಗತಿ ತಾನಾಗಿಯೇ ತಿಳಿಯುತ್ತದೆ.

ಸಸ್ತನಿಗಳಲ್ಲಿ ಸರ್ಟುಯಿನ್‌ಗಳು ಏಳು, ಸರ್ಟ್1ರಿಂದ ಸರ್ಟ್7ರವರೆಗೆ. ಉಪವಾಸದಲ್ಲಿ ಯಕೃತ್ತಿನ ಸರ್ಟ್1, ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನಿಗೆ ಅಂಟಿಕೊಂಡ ಅಸಿಟೈಲ್ ಗುಂಪುಗಳನ್ನು ಕಳಚಿ ಗ್ಲೂಕೋಸ್ ತಯಾರಿಕೆಗೆ ಚಾಲನೆ ನೀಡಿದರೆ, ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿರುವ ಸರ್ಟ್3 ಕೊಬ್ಬನ್ನು ಉರಿಸುವ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಸರ್ಟ್6 ಇಲ್ಲದೆ ಹುಟ್ಟಿದ ಇಲಿಗಳು ರಕ್ತದ ಸಕ್ಕರೆ ಕುಸಿದು, ಮುದಿತನದ ಲಕ್ಷಣಗಳನ್ನು ತೋರುತ್ತ, ಸುಮಾರು ನಾಲ್ಕು ವಾರಗಳಲ್ಲಿ ಸಾಯುತ್ತವೆ ಎಂದು 2006ರಲ್ಲಿ ವರದಿಯಾಯಿತು. ಅದೇ ಕಿಣ್ವವನ್ನು ಹೆಚ್ಚಾಗಿ ಉತ್ಪಾದಿಸುವ ಇಲಿಗಳನ್ನು ಇಸ್ರೇಲಿನ ಸಂಶೋಧಕರು ಬೆಳೆಸಿದಾಗ ಗಂಡಿಲಿಗಳ ಆಯುಷ್ಯ ಸುಮಾರು ಶೇ 15ರಷ್ಟು ಹೆಚ್ಚಿತು, ಹೆಣ್ಣಿಲಿಗಳದ್ದು ಹೆಚ್ಚಲಿಲ್ಲ. ಸರ್ಟ್1ರ ಕತೆ ಇನ್ನೂ ಬೇರೆ: ಇಡೀ ದೇಹದಲ್ಲಿ ಅದು ಹೆಚ್ಚಿದ್ದ ಇಲಿಗಳು ಮುಪ್ಪಿನಲ್ಲಿ ಹೆಚ್ಚು ಆರೋಗ್ಯವಾಗಿದ್ದವು, ಆದರೆ ಹೆಚ್ಚು ಕಾಲ ಬದುಕಲಿಲ್ಲ. ನನಗೆ ಇದು ಸೋಲಾಗಿ ಕಾಣುವುದಿಲ್ಲ. ವೃದ್ಧಾಪ್ಯದಲ್ಲಿ ಸಕ್ಕರೆ ಕಾಯಿಲೆ ದೂರವಿದ್ದರೆ ಅದೇನು ಸಣ್ಣ ಲಾಭವೇ?

ಮಾರುಕಟ್ಟೆಗೆ ಮಾತ್ರ ಇಷ್ಟು ಸಾಲದು. ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಸರ್ಟ್1 ಅನ್ನು ಎಚ್ಚರಿಸುತ್ತದೆಂಬ ನಂಬಿಕೆಯ ಬೆನ್ನು ಹತ್ತಿ ಗ್ಲಾಕ್ಸೊಸ್ಮಿತ್‌ಕ್ಲೈನ್ ಕಂಪನಿಯು 2008ರಲ್ಲಿ 72 ಕೋಟಿ ಡಾಲರ್ ತೆತ್ತು, ಅಂಥ ಔಷಧಗಳನ್ನು ರೂಪಿಸುತ್ತಿದ್ದ ಸರ್ಟ್ರಿಸ್ ಸಂಸ್ಥೆಯನ್ನು ಕೊಂಡಿತು. 2013ರಲ್ಲಿ ಅದರ ಬಾಗಿಲು ಮುಚ್ಚಿತು. ಈಗ ದೇಹದಲ್ಲಿ ಎನ್‌ಎಡಿಯಾಗಿ ಬದಲಾಗುವ ಎನ್‌ಎಂಎನ್ ಎಂಬ ಅಣುವಿನ ಮಾತ್ರೆಗಳ ಸರದಿ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಧುಮೇಹದ ಅಂಚಿನಲ್ಲಿದ್ದ, ಮುಟ್ಟು ನಿಂತ ಮಹಿಳೆಯರು ದಿನಕ್ಕೆ 250 ಮಿಲಿಗ್ರಾಂನಂತೆ ಹತ್ತು ವಾರ ಅದನ್ನು ಸೇವಿಸಿದಾಗ ಅವರ ಸ್ನಾಯುಗಳು ಇನ್ಸುಲಿನ್‌ಗೆ ಮೊದಲಿಗಿಂತ ಚೆನ್ನಾಗಿ ಸ್ಪಂದಿಸಿದವು. ಅವರ ತೂಕವಾಗಲಿ ರಕ್ತದ ಸಕ್ಕರೆಯಾಗಲಿ ಇಳಿಯಲಿಲ್ಲ, ಆಯುಷ್ಯವನ್ನಂತೂ ಅಲ್ಲಿ ಯಾರೂ ಅಳೆದಿರಲಿಲ್ಲ.