ದೂರೇ ಬಂದಿಲ್ಲ ಅನ್ನೋದು ಹೆಗ್ಗಳಿಕೆಯಾ?

"ನಮ್ಮಲ್ಲಿ ಇದುವರೆಗೆ ಲೈಂಗಿಕ ಕಿರುಕುಳದ ಒಂದೂ ದೂರು ಬಂದಿಲ್ಲ" ಅಂತ ಕಾಲೇಜು ಪ್ರಾಂಶುಪಾಲರೊಬ್ಬರು ಹೇಳಿದ್ದನ್ನು ಲೇಖನವೊಂದರಲ್ಲಿ ಓದಿ ನಗು ಬಂತು. ನಾನು ಮಂಡ್ಯದಿಂದ ದಿನಾ ರೈಲಲ್ಲಿ ಮೈಸೂರಿಗೆ ಹೋಗಿ ಓದಿದವಳು. ನಮ್ಮ ಕಾಲೇಜಲ್ಲಿ (ಹೆಸರು ಬೇಡ ಬಿಡಿ) ಇಂಥ ದೂರು ವಿಚಾರಿಸಬೇಕಾದ ಆಂತರಿಕ ದೂರು ಸಮಿತಿಯ ಸದಸ್ಯರ ಪಟ್ಟಿ ಆಫೀಸಿನ ಬೀರುವಿನ ಹಿಂದೆ ಅರ್ಧ ಮರೆಯಾಗಿತ್ತು. ಅದರಲ್ಲಿದ್ದ ಅಧ್ಯಕ್ಷೆ ಆಗಲೇ ನಿವೃತ್ತರಾಗಿದ್ದರು.

ಗೆಳತಿಯೊಬ್ಬಳು ಮೇಷ್ಟ್ರೊಬ್ಬರ ಮೇಲೆ ದೂರು ಬರೆದುಕೊಟ್ಟಳು. ಪತ್ರ ಸಮಿತಿಗೆ ಹೋಗಲೇ ಇಲ್ಲ. ವಿಭಾಗದ ಮುಖ್ಯಸ್ಥರು ಅವಳ ಅಪ್ಪನನ್ನು ಮದ್ದೂರಿಂದ ಕರೆಸಿ, ಕಾಫಿ ತರಿಸಿ, "ನೋಡಿ ಯಜಮಾನ್ರೇ, ನಾಳೆ ಮದುವೆ ಮಾಡೋರು ನೀವು" ಅಂದರು. ಪಾಪ, ಆ ಅಪ್ಪ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಊರಿಗೆ ಹೊರಟರು. ದೂರು ಬಂದಿಲ್ಲ, ಸರಿ ತಾನೆ?

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಾವಳಿ ಪ್ರಕಾರ ಕುಲಪತಿ, ಕುಲಸಚಿವ, ವಿಭಾಗದ ಮುಖ್ಯಸ್ಥರು ಆ ಸಮಿತಿಯ ಸದಸ್ಯರೂ ಆಗುವಂತಿಲ್ಲ. ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳಿರಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಎಲ್ಲಕ್ಕಿಂತ ಮುಖ್ಯ, ಅಲ್ಲಿವರೆಗೆ ಆರೋಪಿ ಮೇಷ್ಟ್ರು ದೂರು ಕೊಟ್ಟವಳ ಪೇಪರ್ ತಿದ್ದದಂತೆ ತಡೆಯೋಕೆ ಅವಕಾಶವಿದೆ. ಇದನ್ನು ಯಾರೂ ಹುಡುಗಿಯರಿಗೆ ಹೇಳೋದಿಲ್ಲ. ಇಂಟರ್ನಲ್ ಮಾರ್ಕ್ಸ್ ಆತನ ಕೈಯಲ್ಲೇ ಇದ್ದರೆ ಯಾರು ಬಾಯಿ ಬಿಟ್ಟಾರು? ರಿಸಲ್ಟ್ ಬರಲಿ ಅಂತ ಕಾದರೆ ದೂರು ಕೊಡಲು ಇರುವ 3 ತಿಂಗಳ ಗಡುವು ಕಳೆದಿರುತ್ತೆ. ಸಮಿತಿ ಕಾರಣ ಬರೆದು ಮತ್ತೆ 3 ತಿಂಗಳು ಕೊಡಬಹುದು. ಆದರೆ ಕೇಳಬೇಕಾದರೆ ಸಮಿತಿ ಎಲ್ಲಿದೆ ಅಂತ ಗೊತ್ತಿರಬೇಕಲ್ಲ, ಬೀರು ಸರಿಸಿಯಾದರೂ.